ಹಗುರ ರಿವಾಲ್ವರ್ ಯಾಕೆ ಜಾಸ್ತಿ ಒದೆಯುತ್ತೆ?

ಅಮೆರಿಕದಲ್ಲಿ ಸ್ವರಕ್ಷಣೆಗೆ ಅಂತ ದಿನಾ ರಿವಾಲ್ವರ್ ಇಟ್ಕೊಂಡು ಓಡಾಡೋರಿದ್ದಾರೆ. ಕೊಳ್ಳೋಕೆ ಹೋದಾಗ ಅವರಿಗೆ ಎದುರಾಗೋ ಸಮಸ್ಯೆ: ದಿನವಿಡೀ ಹೊರೋಕೆ ಹಗುರ ಇರಬೇಕು, ರೇಂಜ್‌ನಲ್ಲಿ ಅಭ್ಯಾಸ ಮಾಡುವಾಗ ಕೈ ನೋಯಬಾರದು. ಎರಡೂ ಒಟ್ಟಿಗೆ ಸಿಗೋದು ಕಷ್ಟ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ರಿವಾಲ್ವರ್ ಇಟ್ಕೊಳ್ಳೋ ಹಾಗಿಲ್ಲ. ಲೆಕ್ಕ ಮಾಡೋಕೆ ಲೈಸೆನ್ಸ್ ಬೇಡ. ಪಿಯುಸಿಯ ಮೊಮೆಂಟಮ್ ಪಾಠ ಸಾಕು. (ಕನ್ನಡದಲ್ಲಿ ಇದಕ್ಕೆ ಸಂವೇಗ ಅಂತಾರೆ, ಇಂಗ್ಲಿಷ್ ಮೀಡಿಯಂನ ನಮಗೆ ಈಚೆಗೆ ಸಿಕ್ಕ ಪದ.)

.38 ಸ್ಪೆಷಲ್ ಅನ್ನೋ ತೋಟಾ ತಗೊಳ್ಳೋಣ. ಗುಂಡಿನ ತೂಕ ಸುಮಾರು 10.2 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 230 ಮೀಟರ್. ಗುಣಿಸಿದರೆ ಸಂವೇಗ 2.35. ಗುಂಡು ಮುಂದಕ್ಕೆ ಎಷ್ಟು ಸಂವೇಗ ತಗೊಂಡು ಹೋಗುತ್ತೋ ಅಷ್ಟೇ ಸಂವೇಗದಲ್ಲಿ ರಿವಾಲ್ವರ್ ಹಿಂದಕ್ಕೆ ಬರುತ್ತೆ. ಮದ್ದಿನ ಗ್ಯಾಸ್‌ನ ಪಾಲನ್ನ ಇಲ್ಲಿ ಬಿಟ್ಟಿದ್ದೇವೆ, ಹಾಗಾಗಿ ನಿಜವಾದ ಒದೆತ ಇನ್ನೂ ಸ್ವಲ್ಪ ಜಾಸ್ತಿ.

ಸ್ಮಿತ್ ಅಂಡ್ ವೆಸನ್ 642 ಜೇಬಿನಲ್ಲಿ ಹಿಡಿಸೋ ಐದು ಗುಂಡಿನ ರಿವಾಲ್ವರ್, ಸುಮಾರು 410 ಗ್ರಾಂ. ಅದೇ ಕಂಪನಿಯ 686, ನಾಲ್ಕು ಇಂಚು ಬ್ಯಾರೆಲ್‌ನದ್ದು, ಸುಮಾರು 1.13 ಕೆಜಿ. ಸಂವೇಗದ ವರ್ಗವನ್ನ ತೂಕದ ಎರಡರಷ್ಟರಿಂದ ಭಾಗಿಸಿದರೆ ಒದೆತದ ಶಕ್ತಿ ಸಿಗುತ್ತೆ: ಚಿಕ್ಕದರಲ್ಲಿ ಸುಮಾರು 6.7 ಜೂಲ್, ದೊಡ್ಡದರಲ್ಲಿ 2.4 ಜೂಲ್. ಗುಂಡು ಅದೇ, ಅಂಗೈಗೆ ಬೀಳೋ ಏಟು ಮಾತ್ರ ಹತ್ತಿರ ಹತ್ತಿರ ಮೂರು ಪಟ್ಟು!

ಗುರಿಯಲ್ಲೂ ಇದೇ ಕಥೆ. ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ನಡುವೆ 10 ಸೆಂಮೀ ಇದ್ದು, ಜೋಡಣೆ 1 ಮಿಮೀ ತಪ್ಪಿದರೆ, ಹತ್ತು ಮೀಟರ್ ದೂರದಲ್ಲಿ ಗುಂಡು 10 ಸೆಂಮೀ ಆಚೆ ಬೀಳುತ್ತೆ. ನಡುವಿನ ಅಂತರ 18 ಸೆಂಮೀ ಆದ್ರೆ ತಪ್ಪು ಐದೂವರೆಗೆ ಇಳಿಯುತ್ತೆ. ಸಿಮಿಲರ್ ಟ್ರಯಾಂಗಲ್ಸ್, ಅಷ್ಟೇ.

ಹಾಗಾದ್ರೆ ಯಾವುದು? ಹಗುರದ್ದನ್ನೇ ತಗೊಂಡು, ಕೈ ನೋವಿಗೆ ಹೆದರಿ ಅಭ್ಯಾಸ ಬಿಟ್ಟರೆ ಅದು ಅಪಾಯ: ಗುರಿ ತಪ್ಪಿದ ಗುಂಡು ದಾರೀಲಿ ಹೋಗೋ ಯಾರಿಗೋ ತಾಗಬಹುದು. ಒಂದೇ ರಿವಾಲ್ವರ್ ಕೊಳ್ಳೋದಾದ್ರೆ ನಮ್ಮ ಓಟು ನಡುವಿನದಕ್ಕೆ. ರೂಗರ್ ಎಸ್‌ಪಿ101 ಥರದ್ದು, ಸುಮಾರು 740 ಗ್ರಾಂ ಉಕ್ಕು, ಒದೆತ 3.7 ಜೂಲ್. ಅದರ .357 ಮ್ಯಾಗ್ನಮ್ ಮಾದರಿಯಲ್ಲಿ .38 ಸ್ಪೆಷಲ್ ಕೂಡ ಹಾರಿಸಬಹುದು, ಯಾಕಂದ್ರೆ ಎರಡರ ಗುಂಡಿನ ವ್ಯಾಸ ಒಂದೇ. ಉಲ್ಟಾ ಮಾತ್ರ ಮಾಡೋ ಹಾಗಿಲ್ಲ. ಮ್ಯಾಗ್ನಮ್‌ನ ಕೋಶ ಸುಮಾರು 3 ಮಿಮೀ ಉದ್ದ, ಒತ್ತಡವೂ ತುಂಬಾ ಹೆಚ್ಚು.

ರೇಂಜ್‌ನಲ್ಲಿ ಹ್ಯಾಮರ್ ಹಿಂದಕ್ಕೆಳೆದು ಹೊಡೆದರೆ ಟ್ರಿಗರ್ ಹಗುರ, ಗುರಿಯೂ ಚಂದ ಕೂರುತ್ತೆ. 642ರಲ್ಲಿ ಹ್ಯಾಮರ್ ಒಳಗೇ ಮುಚ್ಚಿರೋದ್ರಿಂದ ಪ್ರತಿ ಸಲ ಗಟ್ಟಿ ಟ್ರಿಗರ್ ಪೂರ್ತಿ ಎಳೀಬೇಕು. ದಿನಾ ಹೊರೋದು ಅದೇ ಆದ್ರೆ, ರೇಂಜ್‌ನ ದೊಡ್ಡ ರಿವಾಲ್ವರ್‌ನಲ್ಲೂ ಹ್ಯಾಮರ್ ಮುಟ್ಟದೆ ಪೂರ್ತಿ ಎಳೆದೇ ಹೊಡೀಬೇಕು. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ ಹಾಕ್ಕೊಂಡು. ಮತ್ತೆ ಸಿಲಿಂಡರ್‌ಗೂ ಬ್ಯಾರೆಲ್‌ಗೂ ನಡುವಿನ ಸಂದಿಯ ಹತ್ತಿರ ಬೆರಳು ಬೇಡ, ಅಲ್ಲಿಂದ ಬಿಸಿ ಗ್ಯಾಸ್ ಪಕ್ಕಕ್ಕೆ ಚಿಮ್ಮುತ್ತೆ.