ನಾರು ಕತ್ತರಿಸುವ ಕಿಣ್ವ, ಹೂವು ಕತ್ತರಿಸುವ ಕಿಣ್ವ: ಕಾಫಿ ಸಿಪ್ಪೆಯ ಒಂದು ಪಾಠ

ತರಗತಿ: 10
ಘಟಕ: ಜೀವಕ್ರಿಯೆಗಳು (ಪೂರಕ ಪಾಠ)
ಅವಧಿ: 40 ನಿಮಿಷ

ಕಲಿಕಾ ಉದ್ದೇಶ: ಪ್ರತಿ ಕಿಣ್ವವೂ ತನಗೆ ಹೊಂದುವ ಬಂಧವನ್ನಷ್ಟೇ ಕತ್ತರಿಸುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಕಾಫಿ ಸಿಪ್ಪೆಯ ಉದಾಹರಣೆಯಿಂದ ವಿವರಿಸುವರು.

ಪೂರ್ವಜ್ಞಾನ: ಜೊಲ್ಲಿನ ಅಮೈಲೇಸ್ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ; ಶಿಲೀಂಧ್ರಗಳು ಆಹಾರವನ್ನು ದೇಹದ ಹೊರಗೇ ಜೀರ್ಣಿಸಿ ಹೀರಿಕೊಳ್ಳುತ್ತವೆ.

ಬೋಧನೋಪಕರಣಗಳು: ಬಾಳೆನಾರಿನಲ್ಲಿ ಕಟ್ಟಿದ ಸೇವಂತಿಗೆ ಮಾಲೆ, ಕತ್ತರಿ, ಕಾಫಿ ಹಣ್ಣು.

ಪಾಠದ ಬೆಳವಣಿಗೆ

ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಕಾಫಿ ತೋಟಗಳ ನಡುವಿನ ಶಾಲೆ. "ಪಲ್ಪರಿಗೆ ಹಣ್ಣು ಹಾಕಿದರೆ ಏನೇನು ಬರುತ್ತದೆ?" ಎಂದು ಕೇಳಿದೆ. "ಬೀಜ ಒಂದು ಕಡೆ, ಸಿಪ್ಪೆ ಒಂದು ಕಡೆ" ಎಂದರು. ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗುತ್ತದೆ, ಪಲ್ಪರಿನ ನೀರು ಹಳ್ಳಕ್ಕೆ ಸೇರಿದರೆ ನಾರುತ್ತದೆ ಎಂಬುದನ್ನೂ ಅವರೇ ಹೇಳಿದರು.

ಹಸಿ ಹಣ್ಣಿನ ತೂಕದಲ್ಲಿ ಸುಮಾರು ಶೇ. 40ರಷ್ಟು ಈ ಸಿಪ್ಪೆ. ಕೆಫೀನ್ ಮತ್ತು ಟ್ಯಾನಿನ್ ಇರುವುದರಿಂದ ದನಗಳಿಗೆ ಹೆಚ್ಚು ತಿನ್ನಿಸುವಂತಿಲ್ಲ. ಆದರೆ ಇದರಲ್ಲಿ ಕ್ಲೋರೋಜೆನಿಕ್ ಆಮ್ಲದಂಥ ಉಪಯುಕ್ತ ಉತ್ಕರ್ಷಣ ನಿರೋಧಕಗಳಿವೆ. ಅವುಗಳಲ್ಲಿ ಒಂದು ಪಾಲು ಪೆಕ್ಟಿನ್, ಸೆಲ್ಯುಲೋಸ್‌ಗಳ ಕೋಶಭಿತ್ತಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು ಹೊರಸೂಸುವ ಪೆಕ್ಟಿನೇಸ್, ಸೆಲ್ಯುಲೇಸ್ ಕಿಣ್ವಗಳನ್ನು ಒದ್ದೆ ಸಿಪ್ಪೆಗೆ ಸೇರಿಸಿ ಹದವಾಗಿ ಬೆಚ್ಚಗಿಟ್ಟರೆ ಭಿತ್ತಿ ಸಡಿಲವಾಗುತ್ತದೆ. ಒಳಗಿನದು ದ್ರಾವಕಕ್ಕೆ ಸುಲಭವಾಗಿ ಇಳಿಯುತ್ತದೆ.

ಮಾಲೆ ತೋರಿಸಿದೆ. ಹೂವನ್ನು ಎಳೆದರೆ ಎಸಳು ಹರಿಯಿತು. ನಾರು ಕತ್ತರಿಸಿದಾಗ ಹೂವು ಇಡಿಯಾಗಿ ಬಿತ್ತು. ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಮೇಡಂ, ಕತ್ತರಿ ಹೂವಿಗೇ ಬಿದ್ದರೆ?"

"ಕಿಣ್ವ ಹಾಗೆ ಮಾಡುವುದಿಲ್ಲ" ಎನ್ನಲು ಬಾಯಿ ತೆರೆದಿದ್ದೆ. ಖಚಿತವಿರಲಿಲ್ಲ. ಮಾರ್ಗದರ್ಶಕರು ಹಿಂದೆಯೇ ಕುಳಿತಿದ್ದರು. "ನಾಳೆ ಓದಿಕೊಂಡು ಬಂದು ಹೇಳುತ್ತೇನೆ" ಎಂದೆ.

ಓದಿದಾಗ ತಿಳಿಯಿತು, ಅವಳ ಅನುಮಾನ ಸರಿ. ಪೆಕ್ಟಿನೇಸ್ ಪೆಕ್ಟಿನನ್ನು ಮಾತ್ರ ಕತ್ತರಿಸುತ್ತದೆ. ಆದರೆ ಬೂಷ್ಟಿನಿಂದ ತೆಗೆದ ಕಿಣ್ವದ ಪುಡಿಯಲ್ಲಿ ಒಂದೇ ಕಿಣ್ವ ಇರುವುದಿಲ್ಲ. ಜೊತೆಯಲ್ಲಿ ಎಸ್ಟರೇಸ್ ಬಂದಿದ್ದರೆ ಅದು ಕ್ಲೋರೋಜೆನಿಕ್ ಆಮ್ಲವನ್ನೇ ಕೆಫೀಕ್ ಆಮ್ಲ, ಕ್ವಿನಿಕ್ ಆಮ್ಲ ಎಂದು ಎರಡಾಗಿಸುತ್ತದೆ. ಕ್ಲೋರೋಜೆನಿಕ್ ಆಮ್ಲವೇ ಬೇಕಿದ್ದವರಿಗೆ ಇದು ನಷ್ಟ. ಕೆಫೀಕ್ ಆಮ್ಲ ಬೇಕಿದ್ದವರಿಗೆ ಇದೇ ಲಾಭ. ಮರುದಿನ ಮೊದಲ 5 ನಿಮಿಷ ಇದನ್ನೇ ಹೇಳಿದೆ.

ಮೌಲ್ಯಮಾಪನ

1. ಅಮೈಲೇಸ್ ಸೇರಿಸಿದರೆ ಪೆಕ್ಟಿನ್ ಕರಗುವುದೇ? ಏಕೆ?
2. ಸಿಪ್ಪೆಯಿಂದ ಕೆಫೀಕ್ ಆಮ್ಲ ಬೇಕಾದರೆ ಯಾವ ಕಿಣ್ವ ಆರಿಸುವಿರಿ?

ಅವಲೋಕನ

ನನ್ನ ಹೋಲಿಕೆಯಲ್ಲೇ ಕೊರತೆಯಿತ್ತು. ಕತ್ತರಿ ಸಿಕ್ಕಿದ್ದನ್ನೆಲ್ಲ ಕತ್ತರಿಸುತ್ತದೆ, ಕಿಣ್ವ ಹಾಗಲ್ಲ. ಮುಂದಿನ ಸಲ ಒಂದು ಬೀಗದ ಕೈ ಗೊಂಚಲನ್ನೂ ಒಯ್ಯುವೆ. ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ತರಗತಿಯಲ್ಲಿ ಬೂಷ್ಟು ಬೆಳೆಸಬೇಡಿ, ಅದರ ಬೀಜಕಣ ಉಸಿರಿಗೆ ಒಳ್ಳೆಯದಲ್ಲ.