ವಿಸ್ಕಿ ಎಂದರೆ ನೀರು!

ಪರ್ಮಿಟ್ ರೂಮ್ ನಡೆಸುವ ನಮ್ಮವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತು 'ವಿಸ್ಕಿ'. ಇದು ಯಾವ ಭಾಷೆಯದು ಎಂದು ಗಿರಾಕಿ ಕೇಳಿದರೆ 'ಇಂಗ್ಲಿಷ್ ಅಲ್ಲವೇ?' ಎಂದುಬಿಡುತ್ತೇವೆ. ಅಲ್ಲ, ಇದು ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಗೇಲಿಕ್ ಭಾಷೆಯಿಂದ ಬಂದದ್ದು.

ಗೇಲಿಕ್‌ನಲ್ಲಿ ಇದರ ಪೂರ್ತಿ ಹೆಸರು 'ಉಶ್ಕೆ ಬೆಹ'. ಉಶ್ಕೆ ಎಂದರೆ ನೀರು, ಬೆಹ ಎಂದರೆ ಜೀವನ. ಕೂಡಿಸಿದರೆ ಜೀವಜಲ! ಭಟ್ಟಿ ಇಳಿಸಿದ ಮದ್ಯವನ್ನು ಔಷಧಿಯೆಂದು ಬಳಸುತ್ತಿದ್ದ ಕಾಲದಲ್ಲಿ ಅದಕ್ಕೆ ಲ್ಯಾಟಿನ್‌ನಲ್ಲಿ 'ಆಕ್ವಾ ವಿಟೇ' ಎನ್ನುತ್ತಿದ್ದರು. ಗೇಲಿಕ್ ಹೆಸರು ಅದರದೇ ಅನುವಾದ. ಜಾನ್ ಕಾರ್ ಎಂಬ ಕ್ರೈಸ್ತ ಸನ್ಯಾಸಿಗೆ ಆಕ್ವಾ ವಿಟೇ ತಯಾರಿಸಲು 8 ಬೋಲ್ ಅಳತೆಯ ಮಾಲ್ಟ್ ಕೊಟ್ಟದ್ದು ಸ್ಕಾಟ್ಲೆಂಡಿನ ರಾಜ ಖಜಾನೆಯ 1494ರ ಲೆಕ್ಕದಲ್ಲಿದೆ.

ಇಂಗ್ಲಿಷರ ನಾಲಿಗೆಯಲ್ಲಿ ಈ ಹೆಸರು 'ಉಸ್ಕ್ವಿಬಾ' ಆಯಿತು. 18ನೇ ಶತಮಾನದಲ್ಲಿ ಬಾಲ ಕಳೆದುಕೊಂಡು 'ವಿಸ್ಕಿ'ಯಾಗಿ ನಿಂತಿತು. ಹೆಸರಿನಲ್ಲಿ 'ಜೀವನ' ಹೋಗಿ 'ನೀರು' ಮಾತ್ರ ಉಳಿಯಿತು!

ಭಾಷಾತಜ್ಞರ ಪ್ರಕಾರ ಉಶ್ಕೆ ಮತ್ತು ಸಂಸ್ಕೃತದ 'ಉದಕ' ಒಂದೇ ಮೂಲದವು. ಬೆಹ ಮತ್ತು 'ಜೀವ' ಕೂಡ ಹಾಗೆಯೇ. ರಷ್ಯನ್ನರ ವೋಡ್ಕಾ ಸಹ ಉದಕದ ನೆಂಟನೇ.

ಇನ್ನು ವ್ಯಾಪಾರದ ಮಾತು. ಇಂಗ್ಲಿಷಿನಲ್ಲಿ ಬರೆಯುವಾಗ ಸ್ಕಾಟ್ಲೆಂಡ್ ಮತ್ತು ಭಾರತದಲ್ಲಿ ಕೊನೆಯ 'ವೈ'ಗೆ ಮುಂಚೆ 'ಇ' ಇಲ್ಲ. ಐರಿಷ್ ಮತ್ತು ಹೆಚ್ಚಿನ ಅಮೆರಿಕನ್ ಬಾಟಲಿಗಳಲ್ಲಿ ಇದೆ. ಮೆನು ಕಾರ್ಡ್ ಅಚ್ಚಿಗೆ ಕೊಡುವ ಮುನ್ನ ಲೇಬಲ್ ನೋಡಿ ಬರೆಯಿಸಿ.

ಇದಕ್ಕಿಂತ ಮುಖ್ಯವಾದದ್ದು 'ಸ್ಕಾಚ್' ಎಂಬ ಮಾತು. ಬ್ರಿಟನ್ನಿನ 2009ರ ನಿಯಮದಂತೆ ಸ್ಕಾಟ್ಲೆಂಡಿನಲ್ಲೇ ತಯಾರಾಗಿ, ಅಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಾಗಿದ್ದು ಮಾತ್ರ ಸ್ಕಾಚ್. ಭಾರತದಲ್ಲೂ ಈ ಹೆಸರು ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿದೆ. ಸ್ವಲ್ಪ ಸ್ಕಾಚ್ ಮಾಲ್ಟ್ ಬೆರೆಸಿದ ಮಾತ್ರಕ್ಕೆ ನಮ್ಮ ದೇಶದ ವಿಸ್ಕಿ ಸ್ಕಾಚ್ ಆಗುವುದಿಲ್ಲ. ಅದನ್ನು ಸ್ಕಾಚ್ ಪಟ್ಟಿಯಲ್ಲಿ ಸೇರಿಸಿದರೆ ಗಿರಾಕಿಗೆ ಮೋಸ, ನಮಗೆ ಕೋರ್ಟಿನ ತಲೆನೋವು.

ಹಾಗೆಂದು ಭಾರತೀಯ ವಿಸ್ಕಿ ಎನ್ನಲು ನಾಚಿಕೆ ಏಕೆ? ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೇ ಬಿಡುಗಡೆಯಾಗಿ, ಭಾರತದ್ದೆಂದು ಹೇಳಿಕೊಂಡೇ ಹೆಸರು ಗಳಿಸಿತು. ಇದ್ದದ್ದನ್ನು ಇದ್ದ ಹೆಸರಿನಲ್ಲೇ ಮಾರೋಣ. ಗಿರಾಕಿಯ ನಂಬಿಕೆಯೇ ನಮ್ಮ ಉದ್ದಿಮೆಯ ಜೀವಜಲ.