ಒಳಚರಂಡಿ ಇಲ್ಲದ ಊರಿಗೂ ಹಕ್ಕಿದೆ

ಸೆಪ್ಟಿಕ್ ಟ್ಯಾಂಕ್ ತುಂಬಿದ್ದು ತಿಳಿಯಲು ಮುಚ್ಚಳ ತೆಗೆಯಬೇಕಿಲ್ಲ. ಸಂಡಾಸಿಗೆ ಸುರಿದ ನೀರು ಇಳಿಯದೆ ನಿಲ್ಲುತ್ತದೆ, ಟ್ಯಾಂಕಿನ ಸುತ್ತಲಿನ ಮಣ್ಣು ಬೇಸಿಗೆಯಲ್ಲೂ ಒದ್ದೆಯಾಗಿರುತ್ತದೆ. ಆಗ ಮನೆಯಲ್ಲಿ ಬರುವ ಮೊದಲ ಮಾತು: “ಯಾರನ್ನಾದರೂ ಕರೆಸಿ ಖಾಲಿ ಮಾಡಿಸೋಣ.” ಆ ‘ಯಾರಾದರೂ’ ಒಳಗೆ ಇಳಿದರೆ ಜೀವ ಹೋಗಬಹುದು, ಇಳಿಸಿದವರು ಜೈಲಿಗೆ ಹೋಗಬಹುದು.

ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪ್‌ಗಳು ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ನೆಲೆ ಕೊಟ್ಟ ಪುನರ್ವಸತಿ ಊರುಗಳು. ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ಭತ್ತವೂ ಉಂಟು, ಎರೆ ಮಣ್ಣೂ ಉಂಟು. ಭತ್ತಕ್ಕೆ ಒಗ್ಗಿದ ಈ ನೆಲವೇ ಸಂಡಾಸಿನ ಗುಂಡಿಗೆ ತೊಡಕು. ಯಾಕೆಂದು ತಿಳಿಯಲು ಟ್ಯಾಂಕಿನ ಕೆಲಸ ತಿಳಿಯಬೇಕು.

ಟ್ಯಾಂಕ್ ಮಾಡುವುದು ಅರ್ಧ ಕೆಲಸ

ಟ್ಯಾಂಕಿನೊಳಗೆ ಭಾರದ ಮಲ ತಳಕ್ಕೆ ಕೂತು ಕೆಸರಾಗುತ್ತದೆ, ಎಣ್ಣೆ-ಜಿಡ್ಡು ಮೇಲೆ ತೇಲುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೆಸರನ್ನು ನಿಧಾನವಾಗಿ ಕೊಳೆಸುತ್ತವೆ. ನಡುವಿನ ನೀರು ಹೊರಗೆ ಹೋಗುತ್ತದೆ. ನೋಡಲು ತಿಳಿಯಾಗಿದ್ದರೂ ಅದರಲ್ಲಿ ರೋಗಾಣುಗಳಿರುತ್ತವೆ. ಅದನ್ನು ಇಂಗುಗುಂಡಿಗೆ ಬಿಟ್ಟು ಮಣ್ಣಿನಿಂದ ಸೋಸಬೇಕು, ಚರಂಡಿಗೆ ಬಿಡುವುದಲ್ಲ. ಎರೆ ಮಣ್ಣು ನೀರು ಕುಡಿದರೆ ಉಬ್ಬಿ ಬಿಗಿಯಾಗುತ್ತದೆ; ಕಾಲುವೆ ನೀರಿನಿಂದ ನೆಲದಡಿಯ ನೀರು ಮೇಲೇರಿದ ಕಡೆ ಇಂಗಲು ಜಾಗವೇ ಇರದು. ಗುಂಡಿ ತೋಡುವ ಮೊದಲು ನೀರು ಸುರಿದು ಎಷ್ಟು ಹೊತ್ತಿಗೆ ಇಂಗುತ್ತದೆಂದು ನೋಡಿ. ಇಂಗುಗುಂಡಿ ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ಗಳಿಂದ ಕನಿಷ್ಠ 18 ಮೀಟರ್, ಎಂದರೆ ಸುಮಾರು 60 ಅಡಿ ದೂರವಿರಲಿ. ಎರಡು-ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸದಿದ್ದರೆ ಅದು ಇಂಗುಗುಂಡಿಗೂ ನುಗ್ಗಿ ಎರಡೂ ಕೆಡುತ್ತವೆ.

ಮನುಷ್ಯನನ್ನು ಇಳಿಸುವುದು ಅಪರಾಧ

ಕೊಳೆತ ಕೆಸರಿನಿಂದ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟುತ್ತವೆ. ಒಬ್ಬ ಕುಸಿದರೆ ಎತ್ತಲು ಇಳಿದವನೂ ಕುಸಿಯುತ್ತಾನೆ. 2013ರ ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆಯ 7ನೇ ಕಲಂ ಪ್ರಕಾರ, ರಕ್ಷಣಾ ಸಲಕರಣೆ ಇಲ್ಲದೆ ಯಾರನ್ನೂ ಸೆಪ್ಟಿಕ್ ಟ್ಯಾಂಕ್ ಅಥವಾ ಒಳಚರಂಡಿ ಶುಚಿಗೆ ಹಚ್ಚುವಂತಿಲ್ಲ. ಈ ನಿಷೇಧ ಮನೆ ಮಾಲೀಕ, ಗುತ್ತಿಗೆದಾರ, ಸ್ಥಳೀಯ ಸಂಸ್ಥೆ ಎಲ್ಲರಿಗೂ ಅನ್ವಯ. ಮೊದಲ ತಪ್ಪಿಗೆ 2 ವರ್ಷದವರೆಗೆ ಸೆರೆ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷದವರೆಗೆ. “ಅವನೇ ಒಪ್ಪಿ ಇಳಿದ” ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಇದು ಜಾಮೀನುರಹಿತ ಅಪರಾಧ. ದೂರು ಮೂರು ತಿಂಗಳೊಳಗೆ ದಾಖಲಾಗಬೇಕು ಎಂಬುದನ್ನು ಮರೆಯಬೇಡಿ.

ಒಳಚರಂಡಿ ಶುಚಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ಬಲರಾಮ್ ಸಿಂಗ್ ಪ್ರಕರಣದಲ್ಲಿ 2023ರ ಅಕ್ಟೋಬರ್ 20ರಂದು ಆದೇಶಿಸಿದೆ.

ಯಾರನ್ನು ಕೇಳಬೇಕು?

ಸಿಂಧನೂರು, ಲಿಂಗಸುಗೂರು, ಮಸ್ಕಿ ಪಟ್ಟಣಗಳಲ್ಲಿ ಚರಂಡಿ, ನೈರ್ಮಲ್ಯ ಅಲ್ಲಿನ ಪೌರಾಡಳಿತದ ಹೊಣೆ. ಕರ್ನಾಟಕ ಪೌರಸಭೆಗಳ ಕಾಯ್ದೆ 1964 ಅದಕ್ಕೆ ಆಧಾರ. ಯುಜಿಡಿ (ನೆಲದಡಿಯ ಒಳಚರಂಡಿ) ಕಾಮಗಾರಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಕೆಲಸ. ನಿಮ್ಮ ಬೀದಿಯಲ್ಲಿ ಯುಜಿಡಿ ಕೊಳವೆ ಇದ್ದರೆ ತೆರಿಗೆ ರಸೀದಿ ಸಹಿತ ಸಂಪರ್ಕಕ್ಕೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮಳೆನೀರನ್ನು ಅದಕ್ಕೆ ಜೋಡಿಸಬೇಡಿ. ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕುತ್ತದೆ.

ಕ್ಯಾಂಪ್‌ಗಳಲ್ಲಿ ಕೇಳಬೇಕಾದದ್ದು ಗ್ರಾಮ ಪಂಚಾಯಿತಿಯನ್ನು. ಯುಜಿಡಿ ಬರುವವರೆಗೆ ಕಾಯಬೇಕಿಲ್ಲ. ದೇವನಹಳ್ಳಿಯಲ್ಲಿ 2015ರಿಂದ ಸೆಪ್ಟಿಕ್ ಟ್ಯಾಂಕಿನ ಕೆಸರು ಸಂಸ್ಕರಿಸುವ ಘಟಕವಿದೆ. ಗಾಡಿ ಟ್ಯಾಂಕಿನಿಂದ ಕೆಸರು ಹೀರಿ ಅಲ್ಲಿಗೆ ಸುರಿಯುತ್ತದೆ. ಹಲವು ಪಂಚಾಯಿತಿಗಳು ಸೇರಿ ಇಂಥ ವ್ಯವಸ್ಥೆ ಕೇಳಬಹುದು.

1. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಊರಿನ ಹತ್ತಾರು ಮನೆಯವರ ಸಹಿಯೊಡನೆ ಲಿಖಿತ ಮನವಿ ಕೊಡಿ. ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ.

2. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಆ ಹಣ ಎಲ್ಲಿ ಖರ್ಚಾಯಿತೆಂದು ಕೇಳಿ.

3. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಉಚಿತ. ಒಂದೇ ವಿಷಯ, 150 ಪದದೊಳಗೆ. ಹೀಗೆ ಬರೆಯಿರಿ: “ನಮ್ಮ ಪಂಚಾಯಿತಿ ನೈರ್ಮಲ್ಯಕ್ಕೆ ಕಳೆದ ಮೂರು ವರ್ಷ ಖರ್ಚು ಮಾಡಿದ ಮೊತ್ತ ಮತ್ತು ಕಾಮಗಾರಿಗಳ ಪಟ್ಟಿಯ ದೃಢೀಕೃತ ಪ್ರತಿ ಕೊಡಿ.” 30 ದಿನದಲ್ಲಿ ಉತ್ತರ ಕೊಡಬೇಕು.

4. ಕೊಳಚೆ ಬೀದಿಗೆ ಹರಿಯುತ್ತಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ, ಎಂದರೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಇದರ ಹಳೆಯ ರೂಪವಾದ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ ಆಧಾರದಲ್ಲೇ ರತ್ಲಾಮ್‌ನ ನಿವಾಸಿಗಳು ತಮ್ಮ ನಗರಸಭೆಯನ್ನು ಪ್ರಶ್ನಿಸಿದ್ದರು. “ಹಣವಿಲ್ಲ ಎಂಬುದು ನೆಪವಾಗದು” ಎಂಬ ನಿಲುವನ್ನು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಸುಪ್ರೀಂ ಕೋರ್ಟ್ ಪೀಠ 1980ರಲ್ಲಿ ಎತ್ತಿಹಿಡಿಯಿತು.

5. ಸಾರ್ವಜನಿಕ ನೈರ್ಮಲ್ಯದ ವ್ಯಾಜ್ಯ ಕಾಯಂ ಲೋಕ ಅದಾಲತ್‌ಗೂ ಹೋಗಬಹುದು. ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರನ್ನು ಪಡೆಯಬಹುದು. ಸಹಾಯವಾಣಿ 15100.

ಶುದ್ಧ ನೀರಿನ ಹಕ್ಕು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದೆ. ನೆಲೆ ಕಳೆದುಕೊಂಡು ಬಂದವರು ಇಲ್ಲಿ ಮತ್ತೆ ಊರು ಕಟ್ಟಿದ್ದಾರೆ. ಆ ಊರಿನ ಬಾವಿ ಶುದ್ಧವಾಗಿರಬೇಕೆಂದು ಕೇಳುವುದು ಭಿಕ್ಷೆಯಲ್ಲ. ಮನವಿಯನ್ನು ಈ ವಾರವೇ ಬರೆಯಿರಿ. ಟ್ಯಾಂಕ್ ತುಂಬಿದಾಗ ಯಂತ್ರದ ಗಾಡಿ ಕರೆಸಿ, ಮನುಷ್ಯನನ್ನು ಇಳಿಸಬೇಡಿ.